ಲಿವರ್ ರೈಫಲಿನಲ್ಲಿ ಈಡು ಹಾರದಿದ್ದರೆ ತಪ್ಪು ಪ್ರೈಮರಿನದ್ದಾ, ಬಂದೂಕಿನದ್ದಾ?

ನಿಮ್ಮ ಹಳೆಯ .30-30 ಲಿವರ್ ರೈಫಲಿನಲ್ಲಿ (ಟ್ರಿಗರ್ ಕೆಳಗಿನ ಹಿಡಿ ಆಡಿಸಿ ತೋಟೆ ಏರಿಸುವ ಬಂದೂಕು; .30-30 ಅದರ ತೋಟೆಯ ಹೆಸರು) 20 ತೋಟೆ ಹಾಕಿದರೆ ಮೂರು ನಾಲ್ಕು ಬರೀ ‘ಕ್ಲಿಕ್’ ಅನ್ನುತ್ತವೆ, ಇನ್ನೊಂದು ಸಲ ಹ್ಯಾಮರ್ (ಹಿಂದಿನಿಂದ ಏಟು ಕೊಡುವ ಸುತ್ತಿಗೆ) ಎಳೆದು ಹೊಡೆದರೆ ಹಾರುತ್ತವೆ, ಪ್ರೈಮರ್ (ತೋಟೆಯ ತಳದಲ್ಲಿ ಏಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನನಗೆ ಪ್ರೈಮರಿಗಿಂತ ಹೊಡೆತದ ಮೇಲೇ ಅನುಮಾನ ಜಾಸ್ತಿ. ಎಣ್ಣೆ ಇಳಿದು ಸತ್ತುಹೋದ ಪ್ರೈಮರ್ ಸಾಮಾನ್ಯವಾಗಿ ಎರಡನೇ ಏಟಿಗೂ ಏಳುವುದಿಲ್ಲ.

ಮೊದಲು ಒಂದು ಮಾತು. ಕ್ಲಿಕ್ ಅಂದ ಕೂಡಲೇ ಲಿವರಿಗೆ ಕೈ ಹಾಕಬೇಡಿ, ಹ್ಯಾಮರನ್ನೂ ಎಳೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ಒಮ್ಮೊಮ್ಮೆ ಮದ್ದು ತಡವಾಗಿ ಹತ್ತುತ್ತದೆ. ಆಗ ಬೋಲ್ಟ್ (ತೋಟೆಯ ಹಿಂದೆ ನಳಿಗೆ ಮುಚ್ಚುವ ತುಂಡು) ತೆರೆದಿದ್ದರೆ ಹಿತ್ತಾಳೆ ಚೂರು ನೇರ ಮುಖಕ್ಕೆ ಬರುತ್ತದೆ.

ಮುಂದಿನ ಸಲ ಹಾರದಿದ್ದಾಗ ಅದೇ ತೋಟೆಗೆ ಮತ್ತೆ ಹೊಡೆಯಬೇಡಿ. ಕಾದು ಹೊರಗೆ ತೆಗೆಯಿರಿ. ಒಂದೇ ಏಟಿಗೆ ಹಾರಿದ ಖಾಲಿ ಕೇಸಿನ ಪಕ್ಕ ಇಟ್ಟು, ಟಾರ್ಚನ್ನು ಅಡ್ಡಲಾಗಿ ಹಿಡಿದು ಪ್ರೈಮರಿನ ಮೇಲಿನ ಗುಳಿ ನೋಡಿ. ಹಾರದಿದ್ದರ ಗುಳಿ ತೆಳುವಾಗಿದ್ದರೆ ಏಟು ಸಾಲಲಿಲ್ಲ ಅಂತ ಅರ್ಥ. ಗುಳಿ ಚೆನ್ನಾಗಿ ಆಳವಾಗಿದ್ದೂ ಹಾರದಿದ್ದರೆ ಪ್ರೈಮರನ್ನು ಅನುಮಾನಿಸಿ.

ನನಗೂ ಹೀಗೇ ಆಗಿತ್ತು. ಮಿಷಿಗನ್‌ನ ಉತ್ತರಕ್ಕೆ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗಿದ್ದೆ. ಬೇಸಿಗೆಯಲ್ಲಿ ಒಂದೂ ತಪ್ಪದ ಬಂದೂಕು ಚಳಿಯ ಬೆಳಗ್ಗೆ ಕೈಕೊಟ್ಟಿತು. ಉಗುರಿನಲ್ಲಿ ಒತ್ತಿದಷ್ಟೇ ಗುಳಿ. ಬೋಲ್ಟ್ ಬಿಚ್ಚಿದರೆ, ಹ್ಯಾಮರಿನ ಏಟನ್ನು ಪ್ರೈಮರಿಗೆ ಮುಟ್ಟಿಸುವ ಫೈರಿಂಗ್ ಪಿನ್ ಸುತ್ತ ಹಳೇ ಗ್ರೀಸ್ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಸಾಲ್ವೆಂಟಿನಲ್ಲಿ ತೊಳೆದು, ಒರೆಸಿ, ಒಣಗಿಸಿ ಹಾಕಿದೆ. ಆ ಸೀಸನ್ ಪೂರ್ತಿ ಮತ್ತೆ ತೊಂದರೆ ಬರಲಿಲ್ಲ. ನೀವೂ ಇಲ್ಲಿಂದಲೇ ಶುರು ಮಾಡಿ.

ಕ್ಲೀನ್ ಮಾಡಿದರೂ ಸರಿಹೋಗದಿದ್ದರೆ ಹ್ಯಾಮರ್ ಸ್ಪ್ರಿಂಗ್ ನೋಡಿಸಿ. ಟ್ರಿಗರ್ ಹಗುರ ಆಗಲಿ ಅಂತ ಹಿಂದಿನವರು ಮೆತ್ತನೆಯ ಸ್ಪ್ರಿಂಗ್ ಹಾಕಿರಬಹುದು. ಲಿವರನ್ನು ಪೂರ್ತಿ ಒತ್ತಿ ಮುಚ್ಚುತ್ತಿದ್ದೀರಾ ಅಂತಲೂ ಗಮನಿಸಿ. ಮಾರ್ಲಿನ್ 336 ಥರದವುಗಳಲ್ಲಿ ಫೈರಿಂಗ್ ಪಿನ್ ಎರಡು ತುಂಡು. ಲಿವರ್ ಪೂರ್ತಿ ಮುಚ್ಚಿದಾಗಲೇ ಅವೆರಡೂ ಒಂದೇ ಸಾಲಿಗೆ ಬರುವುದು.

ತೋಟೆ ಮನೆಯಲ್ಲೇ ತುಂಬಿದ್ದಾ? ಹಾಗಿದ್ದರೆ ಇನ್ನೊಂದು ಕಾರಣ ಇದೆ. ಪ್ರೈಮರ್ ತನ್ನ ಗುಂಡಿಯಲ್ಲಿ ಪೂರ್ತಿ ಕೂತಿರದಿದ್ದರೆ ಮೊದಲ ಏಟಿನ ಬಲವೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ, ಎರಡನೇ ಏಟಿಗೆ ಹಾರುತ್ತದೆ. ನಿಮ್ಮದಕ್ಕೂ ಇದು ಹೊಂದುತ್ತದೆ ಅಲ್ವಾ? ತೋಟೆಯ ತಳದ ಮೇಲೆ ಬೆರಳು ಆಡಿಸಿ. ಪ್ರೈಮರ್ ಒಂದು ಕೂದಲಷ್ಟು ಒಳಗಿರಬೇಕು. ಬೆರಳಿಗೆ ಉಬ್ಬು ಸಿಕ್ಕಿದರೆ ಆ ತೋಟೆ ಬೇಡವೇ ಬೇಡ. ಲಿವರ್ ರೈಫಲಿನಲ್ಲಿ ನಳಿಗೆಯ ಕೆಳಗೆ ತೋಟೆಗಳನ್ನು ಸಾಲಾಗಿ ತುಂಬುವ ಟ್ಯೂಬಿನಲ್ಲಿ ಹಿಂದಿನ ತೋಟೆಯ ಮೂತಿ ಮುಂದಿನದರ ಪ್ರೈಮರಿಗೇ ತಾಗಿ ಕೂತಿರುತ್ತದೆ. ಚೂಪು ಮೂತಿ ಪ್ರೈಮರಿಗೆ ಗುದ್ದಿ ಒಳಗೇ ಹಾರಿಸಿಬಿಡಬಾರದು ಅಂತಲೇ ಈ ಬಂದೂಕುಗಳಿಗೆ ಚಪ್ಪಟೆ ಮೂತಿಯ ಗುಂಡು ಮಾಡುವುದು.

ಅನುಮಾನ ಬಂದ ತೋಟೆಯ ಪ್ರೈಮರನ್ನು ಮಾತ್ರ ಮನೆಯಲ್ಲಿ ಕೀಳಲು ಹೋಗಬೇಡಿ. ನಿಮ್ಮ ಶೂಟಿಂಗ್ ರೇಂಜಿನವರನ್ನು ಕೇಳಿ, ಹಾರದ ತೋಟೆ ಹಾಕುವುದಕ್ಕೆ ಬಹಳಷ್ಟು ಕಡೆ ಬೇರೆ ಡಬ್ಬಿಯೇ ಇಟ್ಟಿರುತ್ತಾರೆ.