ಹೋಂಸ್ಟೇಯಲ್ಲಿ ಸ್ಟೇಕ್ ಕೊಡಬೇಕಾ? ಅಂಗಡಿ ಹುಡುಕುವ ಮೊದಲು ಫ್ರೀಜರ್ ನೋಡಿ

ಕೊಡಗಿನ ಸುಂಟಿಕೊಪ್ಪದ ಹತ್ತಿರ ಹೋಂಸ್ಟೇ ತೆರೆದಿದ್ದೀರಿ, ಬೆಂಗಳೂರಿನ ಗೆಸ್ಟ್‌ಗಳು ಸ್ಟೇಕ್, ಅಂದರೆ ತವಾದ ಮೇಲೆ ಸುಟ್ಟ ಬೀಫಿನ ದಪ್ಪ ತುಂಡು ಕೇಳುತ್ತಾರೆ, ಬೆಂಗಳೂರಿನ ಯಾವ ಅಂಗಡಿಯಿಂದ ಒಳ್ಳೆ ಬೀಫ್ ತರಿಸಬೇಕು, ಮೀಡಿಯಂ ರೇರ್, ಅಂದರೆ ಒಳಗೆ ಕೆಂಪು ಉಳಿಯುವ ಹಾಗೆ ಅರೆಬೇಯಿಸಿ ಕೊಟ್ಟರೆ ಅಪಾಯವಾ ಎಂದು ಕೇಳಿದ್ದೀರಿ. ನಾನು ಇದೇ ದಾರಿಯಲ್ಲಿ ಹೋಗಿ ಬಂದವನು. ಬೆಂಗಳೂರಿನ ಒಂದು ಸ್ಟೇಕ್‌ಹೌಸ್‌ನಲ್ಲಿ ವರ್ಷಗಟ್ಟಲೆ ಗ್ರಿಲ್ ಮುಂದೆ ನಿಂತು ಕೆಲಸ ಮಾಡಿ, ಆಮೇಲೆ ಊರಿಗೆ ಬಂದು ನಾಪೋಕ್ಲು ಕಡೆ ನಮ್ಮ ತೋಟದ ಮನೆಯನ್ನೇ ಹೋಂಸ್ಟೇ ಮಾಡಿದೆ. ಮೆನುವಿನಲ್ಲಿ ಸ್ಟೇಕ್ ಹಾಕಿದ್ದು ಬಹಳ ಹೆಮ್ಮೆಯಿಂದ. ಅದೇ ಸ್ಟೇಕ್ ಒಂದು ಇಡೀ ಸೀಸನ್ನನ್ನು ನುಂಗಿತು.

ಮೊದಲು ಬೀಫ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ದೊಡ್ಡ ಊರಿನ ಹೆಸರು ಕೇಳಿ ನೀವು ತಪ್ಪು ಲೆಕ್ಕ ಹಾಕಬಾರದು. ಮೊದಲು ಕರ್ನಾಟಕದಲ್ಲಿ 1964ರ ಗೋಹತ್ಯೆ ತಡೆ ಕಾಯ್ದೆ ಇತ್ತು. ವಯಸ್ಸಾದ ಎತ್ತು, ಹೋರಿ, ಎಮ್ಮೆ, ಕೋಣಗಳನ್ನು ಕಡಿಯಲು ಅದರಲ್ಲಿ ಅವಕಾಶ ಇತ್ತು. 2020ರ ಕಾಯ್ದೆ 2021ರಲ್ಲಿ ಜಾರಿಗೆ ಬಂದ ಮೇಲೆ ಉಳಿದಿರುವುದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಹೊರದೇಶದಿಂದ ಬೀಫ್ ತರಿಸಿಕೊಳ್ಳುವುದಕ್ಕೂ ನಮ್ಮ ದೇಶದಲ್ಲಿ ನಿಷೇಧ ಇದೆ. ಹಾಗಾಗಿ ಬೆಂಗಳೂರಿನ ಯಾವುದೇ ಮೆನುವಿನಲ್ಲಿ ವಾಗ್ಯು, ಆಂಗಸ್ ಅಂತ ಹೊರದೇಶದ ದನದ ತಳಿಗಳ ಹೆಸರು ಕಂಡರೆ ಅದು ಎಲ್ಲಿಂದ ಬಂತು, ಬಿಲ್ ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ. ಅಲ್ಲಿ ಕಾನೂನುಬದ್ಧವಾಗಿ ತಟ್ಟೆಗೆ ಬರುವ ಬೀಫ್ ಎಂದರೆ ಮುದಿ ಎಮ್ಮೆಯ ಮಾಂಸ. ಬಣ್ಣ ಕಡು, ಕೊಬ್ಬು ಬಿಳಿ ಮತ್ತು ಕಡಿಮೆ, ನಾರು ಗಟ್ಟಿ.

ಮುದಿ ಪ್ರಾಣಿಯ ಮಾಂಸ ಯಾಕೆ ಗಟ್ಟಿ ಎಂದರೆ, ವಯಸ್ಸಾದಂತೆ ಸ್ನಾಯುವಿನ ಸುತ್ತ ಇರುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅವು ಕರಗಬೇಕಾದರೆ ಗಂಟೆಗಟ್ಟಲೆ ನಿಧಾನದ ಬೇಯುವಿಕೆ ಬೇಕು. ತವಾದ ಮೇಲೆ ಕೆಲವೇ ನಿಮಿಷ ಇಟ್ಟರೆ ಕರಗುವುದಿಲ್ಲ. ಅದಕ್ಕೇ ಒಳ್ಳೆ ಸ್ಟೇಕ್‌ಹೌಸ್‌ಗಳು ಅಂಡರ್‌ಕಟ್ ಮಾತ್ರ ಕೇಳಿ ತರಿಸುತ್ತವೆ. ಬೆನ್ನುಮೂಳೆಯ ಒಳಬದಿಯ ಆ ಉದ್ದನೆಯ ತುಂಡಿಗೆ ಪ್ರಾಣಿ ಬದುಕಿದ್ದಾಗ ಕೆಲಸ ಕಡಿಮೆ, ಅದಕ್ಕೇ ಮೆತ್ತಗಿರುತ್ತದೆ. ಒಂದು ಪ್ರಾಣಿಯಲ್ಲಿ ಸಿಗುವುದು ಎರಡೇ. ಬೇಡಿಕೆ ಜಾಸ್ತಿಯಾದಾಗ ಏನಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ತೊಡೆಯ ಮಾಂಸಕ್ಕೆ ಪಪ್ಪಾಯಿ ಕಾಯಿಯ ಪೇಸ್ಟ್ ಸವರುತ್ತಾರೆ, ಇಲ್ಲವೇ ಸೂಜಿಗಳಿರುವ ಸಾಧನದಿಂದ ಚುಚ್ಚಿ ಮೆತ್ತಗೆ ಮಾಡುತ್ತಾರೆ. ರುಚಿಗೆ ಪರವಾಗಿಲ್ಲ. ಆದರೆ ಚುಚ್ಚಿದ ಮಾಂಸವನ್ನು ಅರೆಬೇಯಿಸಿ ಕೊಡುವುದು ಅಪಾಯ. ಅದರ ಕಾರಣ ಕೊನೆಗೆ ಹೇಳುತ್ತೇನೆ.

ಇಷ್ಟೆಲ್ಲಾ ಗೊತ್ತಿತ್ತು ನನಗೆ. ಹಾಗಾಗಿ ನಾನು ಅಂಗಡಿ ಆರಿಸುವುದರಲ್ಲಿ ತಪ್ಪಲಿಲ್ಲ. ಲೈಸೆನ್ಸ್ ಇದ್ದ ಅಂಗಡಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್ ಗೋಡೆಯ ಮೇಲಿತ್ತು, ಮಾಂಸ ಬರುತ್ತಿದ್ದದ್ದು ಪಶುವೈದ್ಯರ ತಪಾಸಣೆ ಆಗಿ ಸೀಲ್ ಬಿದ್ದ ಕಸಾಯಿಖಾನೆಯಿಂದ. ಅಂಡರ್‌ಕಟ್ ಅನ್ನು ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟು, ಸುಮಾರು 260 ಕಿಲೋಮೀಟರ್ ದಾರಿಯನ್ನು ರಾತ್ರಿಯೇ ಓಡಿಸಿಕೊಂಡು ಬಂದೆ. ಮನೆಗೆ ಬಂದು ಸ್ಟೇಕ್ ಗಾತ್ರಕ್ಕೆ ಕತ್ತರಿಸಿದೆ. ಗೆಸ್ಟ್ ಬಂದ ತಕ್ಷಣ ತವಾಕ್ಕೆ ಹಾಕಬಹುದು ಎಂದು ಉಪ್ಪು, ಮೆಣಸಿನ ಪುಡಿ ಕೈಯಲ್ಲೇ ಸವರಿ, ಒಂದೊಂದನ್ನೂ ಬೇರೆ ಬೇರೆ ಕವರಿಗೆ ಹಾಕಿ ಡೀಪ್ ಫ್ರೀಜರ್‌ನಲ್ಲಿಟ್ಟೆ.

ಅದು ಮಳೆಗಾಲ. ಕೊಡಗಿನ ಮಳೆಗಾಲ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗಾಳಿಗೆ ಮರ ಬಿದ್ದು ಲೈನ್ ತುಂಡಾಯಿತು, ಕಂಬಗಳೂ ಉರುಳಿದವು. ಕರೆಂಟ್ ಬರಲು ದಿನಗಳೇ ಹಿಡಿದವು. ಜನರೇಟರ್ ಇತ್ತು, ಅದನ್ನು ನೀರಿನ ಪಂಪಿಗೂ ಸಂಜೆ ದೀಪಕ್ಕೂ ಅಂತ ಸ್ವಲ್ಪ ಹೊತ್ತು ಓಡಿಸುತ್ತಿದ್ದೆವು. ಫ್ರೀಜರ್ ಅರ್ಧ ಮಾತ್ರ ತುಂಬಿತ್ತು. ಮೀನು ತೆಗೆಯಲು, ಹಾಲು ಇಡಲು ಎಂದು ಮುಚ್ಚಳ ಮೇಲಿಂದ ಮೇಲೆ ತೆರೆಯುತ್ತಿದ್ದರು. ಆಮೇಲೆ ಕರೆಂಟ್ ಬಂತು. ಒಂದು ವಾರದೊಳಗೆ ಮಳೆ ನೋಡಲು ಎಂದೇ ಬೆಂಗಳೂರಿನ ಒಂದು ಕುಟುಂಬ ಬಂತು. ಸ್ಟೇಕ್ ಕೇಳಿದರು. ಅಡುಗೆಮನೆಯಲ್ಲಿ ನನ್ನ ಜೊತೆಗಿದ್ದ ಹುಡುಗ ಫ್ರೀಜರ್ ತೆರೆದು, "ಅಣ್ಣ, ಏನೂ ಆಗಿಲ್ಲ, ಕಲ್ಲಿನ ಹಾಗೆ ಗಟ್ಟಿ ಇದೆ" ಎಂದ. ನಾನೂ ಒತ್ತಿ ನೋಡಿದೆ. ಹೌದು, ಗಟ್ಟಿ ಇತ್ತು.

ನಾನು ಮಾಡಿದ ತಪ್ಪು ಇದೇ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ನಾಳೆ ಅದೇ ಮುಚ್ಚಳ ತೆರೆದು ಅದೇ ಥರ ಒತ್ತಿ ನೋಡುತ್ತೀರಿ.

ಈಗ ಗಟ್ಟಿ ಇದೆ ಎಂದರೆ ಮೊದಲಿನಿಂದಲೂ ಗಟ್ಟಿಯಾಗೇ ಇತ್ತು ಎಂದಲ್ಲ. ಕರೆಂಟ್ ಹೋದಾಗ ತುಂಬಿದ ಫ್ರೀಜರ್ ಮುಚ್ಚಳ ತೆರೆಯದೆ ಇದ್ದರೆ ಸುಮಾರು 48 ಗಂಟೆ ತಡೆಯುತ್ತದೆ. ಅರ್ಧ ತುಂಬಿದ್ದರೆ 24 ಗಂಟೆ. ಮಾಮೂಲಿ ಫ್ರಿಜ್ ಆದರೆ 4 ಗಂಟೆ ಅಷ್ಟೇ. ನನ್ನದು ಆ ಮಿತಿಯನ್ನೆಲ್ಲ ದಾಟಿ ಕರಗಿ, ಮೆತ್ತಗಾಗಿ, ಬೆಚ್ಚಗಾಗಿ, ಮತ್ತೆ ಹೆಪ್ಪುಗಟ್ಟಿತ್ತು. ಗುರುತುಗಳು ಕಣ್ಣ ಮುಂದೆಯೇ ಇದ್ದವು. ಕವರಿನ ತಳದಲ್ಲಿ ಕೆಂಪು ನೀರು ತೆಳ್ಳನೆ ಐಸ್ ಆಗಿತ್ತು. ಚಪ್ಪಟೆಯಾಗಿ ಇಟ್ಟಿದ್ದ ತುಂಡುಗಳು ಬುಟ್ಟಿಯ ಕಂಬಿಯ ಮೇಲೆ ಬಾಗಿ, ಆ ಕಂಬಿಯ ಅಚ್ಚು ಬಿದ್ದಿತ್ತು. ಗಟ್ಟಿ ಮಾಂಸದ ಮೇಲೆ ಕಂಬಿಯ ಅಚ್ಚು ಹೇಗೆ ಬೀಳುತ್ತದೆ? ಮಧ್ಯದಲ್ಲಿ ಅದು ಮೆತ್ತಗಾಗಿದ್ದರೆ ಮಾತ್ರ. ಇಷ್ಟು ವರ್ಷ ಮಾಂಸದ ಜೊತೆ ಕೆಲಸ ಮಾಡಿದವನು ನಾನು, ಅದನ್ನು ಕೈಯಲ್ಲಿ ಹಿಡಿದೂ ಪ್ರಶ್ನೆ ಕೇಳಲಿಲ್ಲ.

ವಾಸನೆ ನೋಡಿದೆ. ಏನೂ ಇರಲಿಲ್ಲ. ಮಕ್ಕಳಿದ್ದಾರೆ ಎಂದು ಮೀಡಿಯಂ ರೇರ್ ಬೇಡ ಅಂದುಕೊಂಡು ಪೂರ್ತಿ ಬೇಯಿಸಿದೆ. ಚೆನ್ನಾಗಿ ಬೆಂದರೆ ಎಲ್ಲಾ ಸತ್ತುಹೋಗುತ್ತದೆ ಎಂದು ನಂಬಿದ್ದೆ. ಊಟ ಮುಗಿದು ಕೆಲವೇ ಗಂಟೆಗಳಲ್ಲಿ ಎಲ್ಲರಿಗೂ ವಾಂತಿ ಶುರುವಾಯಿತು. ಮಳೆಯಲ್ಲಿ, ಮಧ್ಯರಾತ್ರಿ, ಆ ರಸ್ತೆಯಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದೆವು. ಅವರಲ್ಲಿದ್ದ ವಯಸ್ಸಾದ ಅಮ್ಮನಿಗೆ ಡ್ರಿಪ್ ಹಾಕಿ ಇರಿಸಿಕೊಂಡರು. ಅವರ ಮಗ ನನ್ನನ್ನು ಬೈಯಲಿಲ್ಲ. "ಪೂರ್ತಿ ಬೆಂದಿತ್ತಲ್ವಾ?" ಎಂದು ಮಾತ್ರ ಕೇಳುತ್ತಿದ್ದರು.

ಡಾಕ್ಟರ್ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಇಷ್ಟು ಬೇಗ ವಾಂತಿ ಬಂದಿದೆ ಎಂದರೆ ಊಟದಲ್ಲಿ ವಿಷ ಮೊದಲೇ ತಯಾರಾಗಿ ಕೂತಿತ್ತು ಎಂಬುದು ಅವರ ಅಂದಾಜು. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದೆ. ಆರೋಗ್ಯವಾಗಿರುವವರ ಮೂಗಿನಲ್ಲಿ, ಚರ್ಮದ ಮೇಲೆ, ಕೈಯ ಸಣ್ಣ ಗಾಯದಲ್ಲಿ ಇರುತ್ತದೆ. ಕೈಯಿಂದ ಮಾಂಸಕ್ಕೆ ದಾಟುತ್ತದೆ. ಉಪ್ಪು ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳನ್ನು ತಡೆದರೂ ಇದು ಉಪ್ಪಿಗೆ ಜಗ್ಗುವುದಿಲ್ಲ. ಫ್ರೀಜರ್‌ನ ಚಳಿಗೂ ಸಾಯುವುದಿಲ್ಲ, ಸುಮ್ನೆ ನಿಂತಿರುತ್ತದೆ. ಮಾಂಸ ಬೆಚ್ಚಗಾದ ಕೂಡಲೇ ಬೆಳೆದು ವಿಷ ಬಿಡುತ್ತದೆ. ಆಮೇಲೆ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಸಾಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಬಣ್ಣ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ.

ಅವರ ಆಸ್ಪತ್ರೆಯ ಖರ್ಚು ಕೊಟ್ಟೆ, ರೂಮಿನ ಹಣ ವಾಪಸ್ ಕೊಟ್ಟೆ. ಅವರು ನಡೆದದ್ದನ್ನು ಬರೆದರು, ಬರೆಯಲೇಬೇಕಿತ್ತು. ದಸರಾ ಬುಕಿಂಗ್‌ಗಳು ಒಂದೊಂದಾಗಿ ರದ್ದಾದವು. ಮುಂದಿನ ಬೇಸಿಗೆಯವರೆಗೆ ಅಡುಗೆಮನೆ ಮುಚ್ಚಿ, ಬರೀ ರೂಮು ಕೊಟ್ಟೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಯಾವ ಅಂಗಡಿ ಎನ್ನುವುದು ಇಲ್ಲಿ ವಿಷಯವೇ ಅಲ್ಲ. ಅಲ್ಲಿನ ಅತ್ಯುತ್ತಮ ಮಾಂಸವೂ ನಿಮ್ಮ ಮನೆಯ ಕರೆಂಟಿನಷ್ಟೇ ಒಳ್ಳೆಯದು. ಸ್ಟೇಕ್‌ಹೌಸ್‌ಗೆ ಬೆಳಿಗ್ಗೆ ಮಾಂಸ ಬರುತ್ತದೆ, ರಾತ್ರಿಯೊಳಗೆ ಖಾಲಿಯಾಗುತ್ತದೆ, ನಡುವೆ ಜನರೇಟರ್ ತಾನಾಗಿ ಓಡುತ್ತದೆ. ನಿಮ್ಮಲ್ಲಿ ವಾರಕ್ಕೆ ಯಾರೋ ಒಬ್ಬಿಬ್ಬರು ಕೇಳುತ್ತಾರೆ, ಅಷ್ಟಕ್ಕಾಗಿ ಮಾಂಸವನ್ನು ಮಳೆಗಾಲ ಪೂರ್ತಿ ಕಾಯಬೇಕು. ಜೊತೆಗೆ ಕೊಡಗಿನ ಎಷ್ಟೋ ಮನೆಗಳಲ್ಲಿ ಬೀಫ್ ಒಳಗೇ ತರುವುದಿಲ್ಲ. ಅಕ್ಕಪಕ್ಕದವರ, ಕೆಲಸದವರ, ಬೇರೆ ಗೆಸ್ಟ್‌ಗಳ ಮನಸ್ಸು ನೋಡಬೇಕು. ಬಿಲ್ ಇಲ್ಲದ ಮಾಂಸ ಸಿಕ್ಕಿ, ಅದು ನಿಷೇಧಿತ ಪ್ರಾಣಿಯದ್ದು ಎಂದಾದರೆ ಕಾಯ್ದೆಯ ತೊಡಕು ಬರಬಹುದು. ಅಂಥ ಪ್ರಾಣಿಯನ್ನು ಕಡಿದವರಿಗೆ ಅದರಲ್ಲಿ 3ರಿಂದ 7 ವರ್ಷ ಜೈಲು ಇದೆ. ಸ್ಟೇಕ್ ಬೇಕೇ ಬೇಕು ಎನ್ನುವವರು ಬೆಂಗಳೂರಿನಲ್ಲೇ ತಿಂದು ಬರಲಿ.

ನೀವು ಹಂದಿ ಮಾಂಸ ಕೊಡಿ. ಹತ್ತಿರದ ಪೇಟೆಯಲ್ಲಿ ಬೆಳಿಗ್ಗೆ ಕಡಿದದ್ದನ್ನು ತಂದು ಅವತ್ತೇ ಮಾಡಿ ಅವತ್ತೇ ಮುಗಿಸಬಹುದು, ಫ್ರೀಜರ್ ಬೇಕಾಗಿಲ್ಲ. ಮಸಾಲೆ ಕಪ್ಪಗೆ ಹುರಿದು, ನಿಧಾನಕ್ಕೆ ಬೇಯಿಸಿ, ಕೊನೆಗೆ ನಮ್ಮ ಕಪ್ಪು ಹುಳಿ ಕಾಚಂಪುಳಿ ಬಿಟ್ಟು, ಅಕ್ಕಿ ತರಿಯ ಉಂಡೆ ಕಡಂಬುಟ್ಟು ಜೊತೆ ಬಡಿಸಿದರೆ ಬೆಂಗಳೂರಿನವರು ಸ್ಟೇಕ್ ಹೆಸರೂ ಎತ್ತುವುದಿಲ್ಲ. ಇದು ನನ್ನ ಅನುಭವ. ಕೊಳ್ಳುವಾಗ ಮಾಂಸದ ಒಳಗೆ ಅಕ್ಕಿಕಾಳಿಗಿಂತ ದೊಡ್ಡ ಬಿಳಿ ಗುಳ್ಳೆಗಳು ಕಂಡರೆ ಬೇಡ ಎನ್ನಿ, ಅದು ಲಾಡಿಹುಳುವಿನ ಮರಿ ಇರುವ ಗುಳ್ಳೆ. ಹಂದಿ ಎಲ್ಲಿ ಸಾಕಿದ್ದು, ಏನು ತಿಂದು ಬೆಳೆದದ್ದು ಎಂದು ಕೇಳಲು ಸಂಕೋಚ ಬೇಡ. ನಮ್ಮೂರಿನಲ್ಲಿ ಇದು ಕೇಳಿದರೆ ಉತ್ತರ ಸಿಗುವ ಪ್ರಶ್ನೆ.

ಇಲ್ಲೂ ಒಂದು ಎಚ್ಚರಿಕೆ ಇದೆ. ಪಂದಿ ಕರಿ, ಅಂದರೆ ಈ ಹಂದಿ ಸಾರು, ಮಾರನೇ ದಿನ ಇನ್ನೂ ರುಚಿ ಎಂದು ದೊಡ್ಡ ಪಾತ್ರೆಯನ್ನು ರಾತ್ರಿಯಿಡೀ ಒಲೆ ಪಕ್ಕದಲ್ಲೇ ಬಿಡುತ್ತೇವೆ ಅಲ್ವಾ, ಗೆಸ್ಟ್‌ಗಳಿಗೆ ಹಾಗೆ ಮಾಡಬೇಡಿ. 4 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದೊಡ್ಡ ಪಾತ್ರೆ ಆ ಬಿಸಿಯಲ್ಲೇ ಗಂಟೆಗಟ್ಟಲೆ ಕೂತಿರುತ್ತದೆ. ಕುದಿಯನ್ನೂ ತಡೆದುಕೊಳ್ಳುವ ಬ್ಯಾಕ್ಟೀರಿಯಾದ ಬೀಜಾಣುಗಳು ಅಲ್ಲಿ ಮತ್ತೆ ಚಿಗುರುತ್ತವೆ. ಉಳಿದದ್ದನ್ನು ಅಗಲದ ತಟ್ಟೆಗಳಿಗೆ ಸುರಿದು 2 ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಬೆಳಿಗ್ಗೆ ಕುದಿ ಬರುವವರೆಗೆ ಕಾಯಿಸಿ.

ನನ್ನ ಮಾತು ಕೇಳದೆ ಸ್ಟೇಕ್ ಮಾಡಿಯೇ ಮಾಡುತ್ತೀರಿ ಎಂದರೆ ಇಷ್ಟಾದರೂ ಮಾಡಿ. ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಐಸ್ ಮಾಡಿ, ಅದರ ಮೇಲೆ ಒಂದು ನಾಣ್ಯ ಇಡಿ. ಕರೆಂಟ್ ಹೋಗಿ ಬಂದ ಮೇಲೆ ನಾಣ್ಯ ಮೇಲೇ ಇದ್ದರೆ ಸರಿ. ಕೆಳಗೆ ಇಳಿದಿದ್ದರೆ ಒಳಗಿದ್ದದ್ದೆಲ್ಲ ಕರಗಿತ್ತು ಎಂದರ್ಥ, ಎಷ್ಟು ದುಡ್ಡು ಕೊಟ್ಟಿದ್ದರೂ ಗುಂಡಿ ತೋಡಿ ಹೂಳಿ. ಉಪ್ಪನ್ನು ಬೇಯಿಸುವ ಮುಂಚೆ ಹಾಕಿ, ಫ್ರೀಜರ್‌ಗೆ ಇಡುವಾಗ ಬೇಡ. ಕೈಯಲ್ಲಿ ಗಾಯ ಇದ್ದವರು ಮಾಂಸ ಮುಟ್ಟಬಾರದು. ಹೆಪ್ಪುಗಟ್ಟಿದ್ದನ್ನು ಫ್ರಿಜ್ ಒಳಗೇ ಕರಗಿಸಿ, ಅಡುಗೆ ಕಟ್ಟೆಯ ಮೇಲಲ್ಲ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೊಳ್ಳಿ. ಅದು ಸರಿ ತೋರಿಸುತ್ತದಾ ಎಂದು ಐಸ್ ನೀರಿನಲ್ಲಿ ನೋಡಿ, 0 ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡಿದರೆ ಗೊಂದಲವಾಗುತ್ತದೆ. ಮಡಿಕೇರಿಯಂಥ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ.

ಮೀಡಿಯಂ ರೇರ್ ಬಗ್ಗೆ ಹೇಳುವುದಾದರೆ, ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಇರುವುದು ಹೆಚ್ಚಾಗಿ ಹೊರಮೈಯಲ್ಲಿ, ತವಾದ ಬಿಸಿ ಅದನ್ನು ಕೊಲ್ಲುತ್ತದೆ. ಕೀಮಾ ಮಾಡಿದಾಗ ಅಥವಾ ಸೂಜಿಯಿಂದ ಚುಚ್ಚಿದಾಗ ಹೊರಗಿನದ್ದು ಒಳಗೆ ಹೋಗುತ್ತದೆ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಕೀಮಾದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಅಲ್ಲಿನ ಕೃಷಿ ಇಲಾಖೆ ಹೇಳುವುದು ಇಡೀ ತುಂಡಿಗೆ ಒಳಗೆ 63 ಡಿಗ್ರಿ, ಆಮೇಲೆ 3 ನಿಮಿಷ ಬಿಡಬೇಕು, ಕೀಮಾಕ್ಕೆ 71 ಡಿಗ್ರಿ. ಮೀಡಿಯಂ ರೇರ್ ಎಂದರೆ 55ರ ಆಸುಪಾಸು, ಅಂದರೆ ಆ ಮಿತಿಗಿಂತ ಕೆಳಗೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡಲೇಬೇಡಿ. ಉಳಿದವರು ಕೇಳಿದರೆ, ಚುಚ್ಚದ ಇಡೀ ಅಂಡರ್‌ಕಟ್, ಅವತ್ತೇ ತಂದದ್ದು, ಫ್ರೀಜರ್ ಕಾಣದ್ದು ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಸುಂಟಿಕೊಪ್ಪದಲ್ಲಿ ಕೂತು ಅಂಥದ್ದು ಎಷ್ಟು ದಿನ ಸಿಗುತ್ತದೆ ಎಂದು ಮೆನು ಪ್ರಿಂಟ್ ಮಾಡಿಸುವ ಮೊದಲೇ ಲೆಕ್ಕ ಹಾಕಿ.