ಕಬ್ಬಿಣದ ಬಾಯಿ ಕಟ್ಟಿ ಉಲ್ಕಾಶಿಲೆ ಹುಡುಕಬೇಡಿ

ಪ್ರಶ್ನೆ: ಮೊಳೆ, ತಂತಿ ಚೂರುಗಳ ಕಾಟ ತಾಳಲಾರದೆ, ಕಬ್ಬಿಣಕ್ಕೆ ಸದ್ದು ಬರದ ಹಾಗೆ ಮೆಟಲ್ ಡಿಟೆಕ್ಟರ್ ಸೆಟ್ ಮಾಡಿದ್ದೇನೆ. ಎರಡು ತಿಂಗಳಾಯ್ತು, ಒಂದೂ ಉಲ್ಕಾಶಿಲೆ ಸಿಕ್ಕಿಲ್ಲ. ಯಾಕೆ?

ಉತ್ತರ: ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ನೀವು ಹುಡುಕುತ್ತಿರುವುದೇ ಕಬ್ಬಿಣವನ್ನು, ಅಲ್ವಾ? ಆ ಸೆಟ್ಟಿಂಗ್ ನಾಣ್ಯ ಹುಡುಕುವವರಿಗೆ. ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಕಾಂಡ್ರೈಟ್ ಎಂಬ ಕಲ್ಲುಗಳು. ಅವುಗಳಲ್ಲಿ ಕಬ್ಬಿಣ, ನಿಕ್ಕಲ್ ಬೆರೆತ ಸಣ್ಣ ಸಣ್ಣ ಕಣಗಳು ಅಲ್ಲಲ್ಲಿ ಹರಡಿರುತ್ತವೆ. ಸದ್ದು ಮೊದಲೇ ಮೆಲ್ಲಗೆ. ಎಲ್ಲ ಲೋಹಕ್ಕೂ ಸದ್ದು ಬರುವ ಹಾಗೆ ಇಡಿ. ಹೆಡ್‌ಫೋನ್ ಹಾಕಿ. ಕಾಯಿಲ್ ಅನ್ನು, ಅಂದರೆ ಡಿಟೆಕ್ಟರ್ ತುದಿಯ ತಟ್ಟೆಯನ್ನು, ನೆಲಕ್ಕೆ ಆದಷ್ಟು ಹತ್ತಿರ, ನಿಧಾನವಾಗಿ ಆಡಿಸಿ. ಮೊಳೆ ಬಂದರೆ ಬರಲಿ. ಪ್ರತಿಯೊಂದನ್ನೂ ಅಗೆದು ನೋಡಿ.

ಸದ್ದು ಬಂತು ಅಂತ ಕುಣಿಯಬೇಡಿ. ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಇರುವ ಕಲ್ಲಿಗೂ, ಕುಲುಮೆಯ ಕಿಟ್ಟಕ್ಕೂ ಸದ್ದು ಬರುತ್ತದೆ. ಮೈತುಂಬಾ ಗುಳ್ಳೆ ತೂತುಗಳಿದ್ದರೆ ಬಹುತೇಕ ಕಿಟ್ಟವೇ. ಹೊಳಪಿಲ್ಲದ ಪಿಂಗಾಣಿ ಮೇಲೆ ಉಜ್ಜಿ. ಕೆಂಪು ಗೆರೆ ಬಂದರೆ ಹೆಮಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರು, ದಟ್ಟ ಕಪ್ಪು ಬಂದರೆ ಮ್ಯಾಗ್ನಟೈಟ್. ಗೆರೆಯೇ ಬರದಿದ್ದರೆ ಒಂದು ಮೂಲೆಯನ್ನು ಉಗುರಿನಷ್ಟಗಲ ಅರದಿಂದ ಉಜ್ಜಿ, ಲೆನ್ಸ್ ಹಿಡಿದು ನೋಡಿ. ಬೂದು ಕಲ್ಲಿನೊಳಗೆ ಬೆಳ್ಳಿ ಪುಡಿ ಉದುರಿಸಿದ ಹಾಗೆ ಚುಕ್ಕಿಗಳು ಮಿನುಗಿದರೆ ಅಲ್ಲಿಗೇ ಕೈ ನಿಲ್ಲಿಸಿ, ಲ್ಯಾಬ್‌ಗೆ ಕೊಡಿ. ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ.

ದಯವಿಟ್ಟು ಜೋರಾದ ಮ್ಯಾಗ್ನೆಟ್ ಅಂಟಿಸಿ ನೋಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಮಂಗಳ ಗ್ರಹದಿಂದ ಬಂದ 'ಬ್ಲ್ಯಾಕ್ ಬ್ಯೂಟಿ' ಕಲ್ಲಿನಲ್ಲಿ ನಾನೂರು ಕೋಟಿ ವರ್ಷಕ್ಕೂ ಹಳೆಯ ಕಣಗಳಿವೆ. ಆ ಗ್ರಹದ ಹಳೆಯ ಕಾಂತಕ್ಷೇತ್ರದ ಗುರುತು ಅದರಲ್ಲಿ ಉಳಿದಿರಬಹುದಿತ್ತು. ಹುಡುಕಿದವರ, ಮಾರಿದವರ ಕೈಯ ಮ್ಯಾಗ್ನೆಟ್ಟುಗಳು ಅದನ್ನು ಅಳಿಸಿಹಾಕಿದವು. ಒಮ್ಮೆ ಹೋಯಿತೆಂದರೆ ಯಾವ ಲ್ಯಾಬೂ ಅದನ್ನು ವಾಪಸ್ ತರಲಾರದು.

ಪ್ರಶ್ನೆ: ಚಂದ್ರನಿಂದ ಬಂದ ಕಲ್ಲೂ ಡಿಟೆಕ್ಟರ್‌ಗೆ ಸಿಗುತ್ತದೆಯೇ?

ಉತ್ತರ: ಅದರಲ್ಲಿ ಲೋಹ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣಿನಿಂದಲೇ ಹುಡುಕಬೇಕು.

ಪ್ರಶ್ನೆ: ಅರ್ಧ ಕಿಲೋಮೀಟರ್ ದೂರದಿಂದಲೇ ತೋರಿಸುವ ಆಂಟೆನಾ ಯಂತ್ರ ಕೊಳ್ಳಲೇ?

ಉತ್ತರ: ಶುದ್ಧ ಮೋಸ. ಮುಷ್ಟಿಯಷ್ಟು ಕಲ್ಲು ಎರಡಡಿ ಆಳದಲ್ಲಿದ್ದರೆ ನಿಜವಾದ ಡಿಟೆಕ್ಟರ್‌ಗೇ ಕಷ್ಟ.

ಪ್ರಶ್ನೆ: ಹಳೆಯ ಯುದ್ಧಭೂಮಿ ಖಾಲಿ ಬಿದ್ದಿದೆ, ಅಲ್ಲಿ ಹುಡುಕಬಹುದೇ?

ಉತ್ತರ: ಬೇಡವೇ ಬೇಡ. ಸಿಡಿಯದೆ ಹೂತುಹೋದ ಶೆಲ್‌ಗೂ ಡಿಟೆಕ್ಟರ್ ಸದ್ದು ಮಾಡುತ್ತದೆ. ಅಗೆದ ಮೇಲೆ ಗೊತ್ತಾದರೆ ಏನು ಪ್ರಯೋಜನ?