ಅಲ್ಯೂಮಿನಿಯಂ ಬೋಟಿನ ನೆಲ: ಟ್ರೀಟೆಡ್ ಪ್ಲೈವುಡ್ ಮಾತ್ರ ಬೇಡ

ನಮಸ್ಕಾರ ಸರ್. 14 ಅಡಿಯ ಹಳೇ ಅಲ್ಯೂಮಿನಿಯಂ ಬೋಟ್ ಕೊಂಡಿದ್ದೀರಿ, ನಡುವೆ ಕಾಲಿಟ್ಟರೆ ನೆಲ ಕುಸಿಯುತ್ತದೆ, ಅಂಗಡಿಯಿಂದ ಪ್ರೆಶರ್ ಟ್ರೀಟೆಡ್ ಪ್ಲೈವುಡ್ (ಕೊಳೆಯದ ಹಾಗೆ ಒತ್ತಡದಲ್ಲಿ ರಾಸಾಯನಿಕ ತುಂಬಿದ ಹಲಗೆ) ತಂದು ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನು ಮಾತ್ರ ಹಾಕಬೇಡಿ. ಇಲ್ಲಿ ಅಮೆರಿಕದಲ್ಲಿ 2004ರಿಂದ ಮನೆಬಳಕೆಗೆ ಸಿಗುವ ಟ್ರೀಟೆಡ್ ಮರದಲ್ಲಿ ಆರ್ಸೆನಿಕ್ ತೆಗೆದು ತಾಮ್ರ ಜಾಸ್ತಿ ಮಾಡಿದ್ದಾರೆ. ಮರ ಒದ್ದೆಯಾದಾಗ ಆ ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನೆಲ ಗಟ್ಟಿಯಾಗಿಯೇ ಇರುತ್ತದೆ, ಕೆಳಗಿನ ತಳ ತೂತಾಗುತ್ತದೆ.

ನಾನು ಮಿನೆಸೋಟಾದಲ್ಲಿ ಇಂಥದ್ದೇ ಬೋಟಿನ ನೆಲ ಬಿಚ್ಚಿದಾಗ ತಳದ ಮೂಲೆಯಲ್ಲಿ ಒಂದು ಹಳೇ ಪೆನ್ನಿ, ಅಂದರೆ ಅಮೆರಿಕದ ಒಂದು ಸೆಂಟ್ ನಾಣ್ಯ, ಅಂಟಿಕೊಂಡಿತ್ತು. 1982ಕ್ಕಿಂತ ಹಿಂದಿನದು, ಅಂದರೆ ಹೆಚ್ಚುಕಮ್ಮಿ ಪೂರ್ತಿ ತಾಮ್ರ. ಚಾಕುವಿನ ತುದಿಯಿಂದ ಎಬ್ಬಿಸಿದರೆ ಕೆಳಗೆ ಬಿಳಿ ಪುಡಿ. ಪುಡಿ ಒರೆಸಿದರೆ ನಾಣ್ಯದಷ್ಟೇ ಅಗಲದ ಗುಂಡಿ. ಒಂದು ಬಿಡಿ ನಾಣ್ಯ ಇಷ್ಟು ಮಾಡಿದರೆ ಇಡೀ ಹಲಗೆ ಏನು ಮಾಡೀತು, ನೀವೇ ಹೇಳಿ. ಸೀಸದ ಗುಂಡು, ತಾಮ್ರದ ತಂತಿ ಚೂರು, ಏನು ಸಿಕ್ಕರೂ ಆರಿಸಿ ತೆಗೆಯಿರಿ.

ಹಳೇ ಹಲಗೆಯನ್ನು ಒಡೆದು ಕೀಳಬೇಡಿ. ರಿವೆಟ್ ತಲೆಗಳನ್ನು ಡ್ರಿಲ್ ಮಾಡಿ ಇಡಿಯಾಗಿ ಎತ್ತಿ. ಕೊಳೆತಿದ್ದರೂ ಅದೇ ನಿಮ್ಮ ಅಳತೆ. ಡ್ರಿಲ್ ಬಿಟ್‌ಗೆ ಬೇಕಾದಷ್ಟೇ ಆಳಕ್ಕೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ತಳಕ್ಕೇ ತೂತು ಬೀಳುತ್ತದೆ.

ಕೆಳಗೆ ಫೋಮ್ ಇರುತ್ತದೆ. ಒಂದು ತುಂಡು ಕತ್ತರಿಸಿ ಕೈಯಲ್ಲಿ ಹಿಂಡಿ ನೋಡಿ. ಒಣಗಿದ ಫೋಮ್ ಒಂದು ಘನ ಅಡಿಗೆ ಸುಮಾರು 2 ಪೌಂಡ್ ತೂಗುತ್ತದೆ. ಅಷ್ಟೇ ಜಾಗದ ನೀರು 62 ಪೌಂಡ್. ನನ್ನದರಲ್ಲಿ ಸ್ಪಂಜಿನ ಹಾಗೆ ನೀರು ಸುರಿಯಿತು. ಒದ್ದೆಯಾಗಿದ್ದರೆ ಪೂರ್ತಿ ತೆಗೆಯಿರಿ, ಆದರೆ ಜಾಗ ಖಾಲಿ ಬಿಡಬೇಡಿ. ನೀರು ತುಂಬಿದರೂ ಬೋಟ್ ಮುಳುಗದಿರಲಿ ಅಂತಲೇ ಕಂಪನಿಯವರು ಅದನ್ನು ಹಾಕಿರುತ್ತಾರೆ. 20 ಅಡಿಗಿಂತ ಚಿಕ್ಕ ಬೋಟ್‌ಗಳಿಗೆ ಇಲ್ಲಿ ಕೋಸ್ಟ್ ಗಾರ್ಡ್ ನಿಯಮವೇ ಇದೆ. ತೆಗೆದಷ್ಟೇ ಫೋಮ್ ವಾಪಸ್ ಹೋಗಬೇಕು. ಗುಲಾಬಿ ಬಣ್ಣದ ಗಟ್ಟಿ ಫೋಮ್ ಬೋರ್ಡ್ ಕತ್ತರಿಸಿ ಜೋಡಿಸಬಹುದು. ಪೆಟ್ರೋಲ್ ಬಿದ್ದರೆ ಮಾತ್ರ ಅದು ಕರಗುತ್ತದೆ, ಟ್ಯಾಂಕ್ ಹತ್ತಿರ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ನಡುವಿನ ಕಾಲುವೆ ಮುಚ್ಚಬೇಡಿ. ಮೂತಿಯ ಕಡೆ ಬಿದ್ದ ನೀರು ಹಿಂದಿನ ಡ್ರೈನ್ ಪ್ಲಗ್‌ವರೆಗೆ ತಾನೇ ಹರಿದು ಬರಬೇಕು. ಹಳೇ ನೆಲ ಕೊಳೆಯುವುದು ಈ ದಾರಿ ಕಟ್ಟಿಕೊಂಡಾಗಲೇ.

ನೆಲ ಬಿಚ್ಚಿದ್ದಾಗಲೇ ಸೋರಿಕೆ ನೋಡಿಬಿಡಿ. ಬೋಟ್ ಟ್ರೇಲರ್ ಮೇಲೆ ಇರಲಿ, ಒಳಗೆ ಎರಡು ಇಂಚು ನೀರು ಬಿಡಿ. ಅಷ್ಟಕ್ಕೇ 400 ಪೌಂಡ್ ಹತ್ತಿರ ತೂಕ ಆಗುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಕೆಳಗೆ ಮಲಗಿ, ತೊಟ್ಟಿಕ್ಕುವ ರಿವೆಟ್‌ಗೆಲ್ಲ ಮಾರ್ಕರ್‌ನಲ್ಲಿ ಸುತ್ತು ಹಾಕಿ. ಸಡಿಲವಾದದ್ದನ್ನು ಇಬ್ಬರು ಸೇರಿ ಬಡಿದು ಬಿಗಿ ಮಾಡಬೇಕು, ಒಬ್ಬರು ಒಳಗೆ, ಒಬ್ಬರು ಹೊರಗೆ.

ಇನ್ನು ಹಲಗೆ. ಮರೈನ್ ಪ್ಲೈವುಡ್ ಒಳ್ಳೆಯದು. ಬೆಲೆ ಜಾಸ್ತಿ ಅನ್ನಿಸಿದರೆ ಟ್ರೀಟ್ ಮಾಡದ ಎಕ್ಸ್‌ಟೀರಿಯರ್ ಪ್ಲೈವುಡ್ ಸಾಕು, ಅರ್ಧ ಇಂಚಿನದು. ಎರಡೂ ಮುಖಕ್ಕೆ ಮೂರು ಸಲ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಒಣಗಿದರೆ ನೀರು ಬಿಡದ ಅಂಟು) ಹಚ್ಚಿ. ಅಂಚಿಗೆ ಇನ್ನೂ ಒಂದು ಸಲ, ಯಾಕೆಂದರೆ ನೀರು ಕುಡಿಯುವುದು ಅಂಚೇ. ತೂತುಗಳನ್ನು ಮೊದಲೇ ಕೊರೆದು, ಅವುಗಳ ಒಳಗೂ ಎಪಾಕ್ಸಿ ಸವರಿ. ಈ ಕೆಲಸ ಬೇಜಾರು ಹಿಡಿಸುತ್ತದೆ, ಆದರೂ ಅವಸರ ಮಾಡಬೇಡಿ. ನಮ್ಮ ತುಂಗಭದ್ರೆ ಕಡೆ ಹರಿಗೋಲಿಗೆ ಡಾಂಬರು ಬಳಿಯುವವರನ್ನು ನೋಡಿದ್ದೀರಲ್ವಾ? ಒಂದು ಸಂದೂ ಬಿಡುವುದಿಲ್ಲ. ಹಾಗೆ ಮಾಡಿ.

ಕೂರಿಸುವಾಗ ಸುತ್ತಲೂ ಸ್ವಲ್ಪ ಸಂದು ಬಿಡಿ. ಅಲ್ಯೂಮಿನಿಯಂ ರಿವೆಟ್ ಹಾಕಿದರೆ ಚಿಂತೆ ಇಲ್ಲ. ಸ್ಟೇನ್‌ಲೆಸ್ ಸ್ಕ್ರೂ ಆದರೆ ಟೆಫ್‌ಜೆಲ್ (ಎರಡು ಲೋಹ ಒಂದನ್ನೊಂದು ತಿನ್ನದಂತೆ ತಡೆಯುವ ಪೇಸ್ಟ್) ಸವರಿ ಹಾಕಿ. ಮೇಲೆ ಕಾರ್ಪೆಟ್ ಬೇಡ, ಅದು ವಾರಗಟ್ಟಲೆ ಒದ್ದೆ ಹಿಡಿದಿಡುತ್ತದೆ. ಮರಳು ಬೆರೆಸಿದ ಪೇಂಟ್ ಸಾಕು. ನೆಲದ ಮಟ್ಟ ಏರಿಸಲೂಬೇಡಿ, ನಿಂತು ಗಾಳ ಹಾಕುವಾಗ ಬೋಟ್ ಓಲಾಡುತ್ತದೆ.

ಬಿಚ್ಚಿದ ಮೇಲೆ ಮೋಟರ್ ಕೂರುವ ಟ್ರಾನ್ಸಮ್ ಹಲಗೆಯನ್ನೂ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಟಣ್ ಅನ್ನದೆ ದಬ್ ಅಂದರೆ ಒಳಗೆ ಕೊಳೆತಿರುತ್ತದೆ. ಫೋಟೊ ಹಾಕಿ, ಮೋಟರ್ ಎಷ್ಟು ಹಾರ್ಸ್‌ಪವರ್ ಅಂತಲೂ ಬರೆಯಿರಿ, ನೋಡಿ ಹೇಳುತ್ತೇನೆ.